ಏರೇನಿಲ್ಲ ಮಾಮ

ನನ್ನ ಅಕ್ಕನ ಮಗ ಸುಳ್ಳು ಹೇಳುವವನಲ್ಲ. ಆದರೆ ಅವನಿಗೆ ಇಪ್ಪತ್ತಾರು ವರ್ಷ, ನನಗೆ ನಲವತ್ತೊಂಬತ್ತು. ಅವನಿಗೆ ಸಪಾಟಾಗಿ ಕಾಣುವ ರಸ್ತೆಯೇ ನನಗೆ ಗೋಡೆಯಾಗಿ ಕಾಣಬಹುದು ಅನ್ನೋದು ಇಬ್ಬರಿಗೂ ಹೊಳೆದಿರಲಿಲ್ಲ.

"ಮಾಮ, ಫ್ರಾನ್ಸಲ್ಲಿ ಜನ ಸೈಕಲ್ ಮೇಲೆ ದ್ರಾಕ್ಷಿ ತೋಟ ಸುತ್ತುತ್ತಾರೆ. ನಮಗೆ ವೀಸಾನೂ ಬೇಡ. ನಂದಿ ಬೆಟ್ಟದ ಕಡೆಗೇ ವೈನರಿ ಇದೆ. ಭಾನುವಾರ ಬೆಳಗ್ಗೆ ಹೊರಟ್ರೆ ಊಟದ ಹೊತ್ತಿಗೆ ಮನೆ."

"ಏರು ಜಾಸ್ತಿ ಇದೆಯೇನೋ?"

"ಏರೇನಿಲ್ಲ ಮಾಮ. ರೋಲಿಂಗ್ ಅಷ್ಟೆ."

ರೋಲಿಂಗ್ ಅಂದ್ರೆ ಚಕ್ರ ತಾನಾಗಿ ಉರುಳಿಕೊಂಡು ಹೋಗುತ್ತೆ ಅಂದುಕೊಂಡೆ. ಅವನು ಹೇಳಿದ್ದು ಉರುಳು ಸೇವೆ.

ಸೈಕಲ್ಲು ಆಫೀಸಿನ ಗೆಳೆಯನಿಂದ ಕೊಂಡಿದ್ದು. ಹೊಸದರ ಬೆಲೆ ನಲವತ್ತು ಸಾವಿರ, ನನಗೆ ಅರ್ಧಕ್ಕೆ ಕೊಟ್ಟ. ಜೊತೆಗೆ ಪೆಡಲ್ಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಫ್ರೀ. ಅಷ್ಟು ಖುಷಿಯಿಂದ ಯಾಕೆ ಕೊಟ್ಟ ಅಂತ ಆಗಲೇ ಯೋಚಿಸಬೇಕಿತ್ತು. ಒಳಗೆ ಸ್ಪಂಜಿರುವ ಚಡ್ಡಿ ಮಾತ್ರ ಹೊಸದಾಗಿ ತರಿಸಿದೆ. ಪಾರ್ಸಲ್ ಬಿಚ್ಚಿದ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ರೀ, ಚಡ್ಡಿಗೆ ದಿಂಬು ಹೊಲಿದಿದ್ದಾರಲ್ರೀ, ವಾಪಸ್ ಕಳಿಸಿ" ಅಂದಳು.

ಗೇರಿನ ಪಾಠ ಶನಿವಾರ ರಾತ್ರಿ ಪಾರ್ಕಿಂಗಲ್ಲಿ ನಡೆಯಿತು. ಏರಿನಲ್ಲಿ ಚೈನು ಮುಂದಿನ ಚಿಕ್ಕ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಬರಬೇಕಂತೆ. "ಮುಂದೆ ಚಿಕ್ಕದು, ಹಿಂದೆ ದೊಡ್ಡದು. ನೆನಪಿರುತ್ತಾ ಮಾಮ?" ಅಂದ. ಇಪ್ಪತ್ತೈದು ವರ್ಷದಿಂದ ಆಫೀಸಲ್ಲಿ ಮ್ಯಾನೇಜರ್ ಮುಂದೆ ಚಿಕ್ಕವನಾಗಿ, ಹಿಂದೆ ದೊಡ್ಡವನಾಗಿ ಬದುಕಿದವನಿಗೆ ಇದು ಮರೆಯುತ್ತಾ?

ಬೆಳಗಿನ ಐದಕ್ಕೆ ಮಲ್ಲೇಶ್ವರದಿಂದ ಹೊರಟೆವು. ಹೆಬ್ಬಾಳದ ಹತ್ತಿರ ಸಿಗ್ನಲ್ ಕೆಂಪಾಯಿತು. ಬ್ರೇಕ್ ಹಿಡಿದೆ, ಸೈಕಲ್ ನಿಂತಿತು. ಕಾಲು ಕೆಳಗಿಡೋಣ ಅಂದರೆ ಕಾಲೇ ಬರುತ್ತಿಲ್ಲ. ಕ್ಲೀಟ್ ಶೂ ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ಇದನ್ನು ಶನಿವಾರ ಹತ್ತು ಸಲ ಮಾಡಿ ಕಲಿತಿದ್ದೆ. ಆದರೆ ಬೀಳುವಾಗ ನಲವತ್ತೊಂಬತ್ತು ವರ್ಷದ ಅಭ್ಯಾಸವೇ ಕೆಲಸ ಮಾಡೋದು. ಕಾಲನ್ನು ಮೇಲಕ್ಕೆ ಎಳೆದೆ, ಇನ್ನೊಂದು ಸಲ ಎಳೆದೆ, ಆಮೇಲೆ ಕಡಿದ ಬಾಳೆ ಗಿಡ ವಾಲಿದ ಹಾಗೆ ನಿಧಾನವಾಗಿ ಎಡಕ್ಕೆ ವಾಲಿದೆ. ಬೀಳುವಾಗ ಪಕ್ಕದ ಹಾಲಿನ ವ್ಯಾನಿನ ಡ್ರೈವರ್ ಮುಖ ನೋಡುವಷ್ಟು ಸಮಯ ಸಿಕ್ಕಿತು. ಅವನು ನಗಲಿಲ್ಲ. ಕೈ ಮುಗಿದ.

ಯಲಹಂಕ ದಾಟಿ ರಾಜಾನುಕುಂಟೆಯವರೆಗೆ ಬೆಳಕು ಹರಿದಿರಲಿಲ್ಲವಾದ್ದರಿಂದ ಏರು ಕಣ್ಣಿಗೆ ಬೀಳಲಿಲ್ಲ, ಕಾಲಿಗೆ ಮಾತ್ರ ಬಿತ್ತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ದೊಡ್ಡಬಳ್ಳಾಪುರವೂ ಹೆಚ್ಚುಕಮ್ಮಿ ಅಷ್ಟೇ. ಲೆಕ್ಕದ ಪ್ರಕಾರ ಹತ್ತಿದಷ್ಟೇ ಇಳಿಯಬೇಕು ಅಲ್ವಾ? ಹತ್ತಿದ್ದೆಲ್ಲ ಚೆನ್ನಾಗಿ ನೆನಪಿದೆ. ಇಳಿದಿದ್ದು ಯಾವಾಗ ಅಂತ ಈಗಲೂ ಹುಡುಕುತ್ತಿದ್ದೇನೆ. ಕಾರಿನಲ್ಲಿ ಈ ರಸ್ತೆಯಲ್ಲಿ ಐವತ್ತು ಸಲ ಓಡಾಡಿದ್ದೇನೆ, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋದೇ ಹೀಗೆ. ಇಲ್ಲಿ ಇಷ್ಟೊಂದು ದಿಣ್ಣೆ ಇದೆ ಅಂತ ಒಬ್ಬರೂ ಹೇಳಿರಲಿಲ್ಲ.

ದೊಡ್ಡಬಳ್ಳಾಪುರದೊಳಗೆ ಬರುವಾಗ ಪವರ್‌ಲೂಮ್‌ಗಳು ಆಗಲೇ ಟಕಟಕ ಶುರು ಮಾಡಿದ್ದವು. ಅಲ್ಲಿ ಟೀ ಕುಡಿಯುವಾಗ ಅಕ್ಕನ ಮಗ ಒಂದು ವಿಷಯ ಹೇಳಿದ. ಬಳ್ಳಿಯ ಬುಡದಲ್ಲಿ ನೀರು ನಿಂತರೆ ದ್ರಾಕ್ಷಿಗೆ ಆಗುವುದಿಲ್ಲ, ಬೇರು ಕೊಳೆಯುತ್ತದೆ. ಅದಕ್ಕೆ ನೀರು ಬಸಿದು ಹೋಗುವ ಇಳಿಜಾರು ಬೇಕು. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಹಣ್ಣಲ್ಲಿ ಸಿಹಿಯ ಜೊತೆ ಹುಳಿಯೂ ಉಳಿಯುತ್ತದೆ, ವೈನಿಗೆ ಅದು ಮುಖ್ಯ. ಅಂದರೆ ಎತ್ತರದ ಜಾಗ, ಜೊತೆಗೆ ಇಳಿಜಾರು.

ನನಗೆ ಆಗ ಸಂಚು ಅರ್ಥವಾಯಿತು. ಒಳ್ಳೇ ದ್ರಾಕ್ಷಿ ತೋಟ ಅಂದ್ರೇನೇ ಏರು. ಭತ್ತದ ಗದ್ದೆ ನೋಡಲು ಯಾಕೆ ಯಾರೂ ಸೈಕಲ್ ಟೂರ್ ಮಾಡಲ್ಲ? ಮಂಡ್ಯದ ನಾಲೆ ಏರಿ ಮೇಲೆ ಸುಮ್ನೆ ತೇಲಿಕೊಂಡು ಹೋಗಬಹುದಿತ್ತು.

ಟೀ ಅಂಗಡಿಯಿಂದ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಜಾಲಿ ಮುಳ್ಳು ಚುಚ್ಚಿ ಹಿಂದಿನ ಚಕ್ರ ಕೂತಿತು. ಪಂಪು ತಂದಿದ್ದೆವು. ಅದು ಮನೆಯ ಷೂ ರ‍್ಯಾಕ್ ಮೇಲಿತ್ತು. ಪಂಕ್ಚರ್ ಅಂಗಡಿಯವನು ತೂತೇನೋ ಮುಚ್ಚಿದ, ಆದರೆ ನನ್ನ ಟ್ಯೂಬಿನ ವಾಲ್ವು ಸೂಜಿಯಷ್ಟು ಸಪೂರ. ಅವನ ಗಾಳಿ ಪೈಪು ಅದಕ್ಕೆ ಕೂರಲಿಲ್ಲ. ಅವನು ಎದ್ದು ನಿಂತು ಸೈಕಲ್ಲಿಗೆ ಒಂದು ಸುತ್ತು ಬಂದ.

"ಎಷ್ಟ್ ಸಾ ಇದು?"

"ನಲವತ್ತು ಸಾವಿರ." ಅರ್ಧ ಬೆಲೆ ಹೇಳಲು ಮನಸ್ಸು ಬರಲಿಲ್ಲ.

"ಸ್ಟ್ಯಾಂಡ್ ಇಲ್ವಾ?"

"ಇಲ್ಲ."

"ಕ್ಯಾರಿಯರ್ರು? ಮಡ್‌ಗಾರ್ಡು? ಬೆಲ್ಲೂ ಇಲ್ವಾ?"

"ಇಲ್ಲಪ್ಪ."

"ಗಾಳಿನೂ ಹಿಡಿಯಲ್ಲ. ಮತ್ತೆ ನಲವತ್ತು ಸಾವ್ರಕ್ಕೆ ಏನ್ ಕೊಟ್ರು ಸಾ?"

ಕೊನೆಗೆ ಅರ್ಧ ಗಂಟೆ ಕಾದ ಮೇಲೆ ಆ ದಾರಿಯಲ್ಲಿ ಬಂದ ಸೈಕಲ್ ಗುಂಪೊಂದು ಒಂದು ಸಣ್ಣ ಹಿತ್ತಾಳೆ ಬಿರಡೆ ಕೊಟ್ಟು ಕಾಪಾಡಿತು. ಸೂಜಿ ವಾಲ್ವಿನ ಮೇಲೆ ಅದನ್ನು ತಿರುಗಿಸಿದರೆ ಅಂಗಡಿಯ ಪೈಪೂ ಕೂರುತ್ತದೆ. ಅಂಗಡಿಯವನು ಗಾಳಿ ಹಾಕಿದ, ದುಡ್ಡು ಮಾತ್ರ ಮುಟ್ಟಲಿಲ್ಲ. ಪಾಪ ಅನ್ನಿಸಿರಬೇಕು.

ಮೊದಲ ತೋಟ ಸಿಕ್ಕಿದಾಗ ನೋವೆಲ್ಲ ಮರೆತೆ ಅಂತ ಬರೆಯೋಣ ಅಂದರೆ ಮೊಣಕಾಲು ಒಪ್ಪುತ್ತಿಲ್ಲ. ಆದರೆ ಚೆಂದವಿತ್ತು. ಕಲ್ಲು ಕಂಬ, ಅದರ ಮೇಲೆ ತಂತಿ, ತಂತಿಯ ಮೇಲೆ ಬಳ್ಳಿಯ ಚಪ್ಪರ. ಒಳಗೆ ಬಗ್ಗಿ ನೋಡಿದರೆ ಮದುವೆ ಚಪ್ಪರದ ತಂಪು. ತಲೆಯ ಮೇಲೆ ಕಪ್ಪು ಗೊಂಚಲು, ಒಂದೊಂದು ಹಣ್ಣಿನ ಮೇಲೂ ವಿಭೂತಿ ಹಚ್ಚಿದ ಹಾಗೆ ಬೂದು ಪುಡಿ. ದೂರದಲ್ಲಿ ನಂದಿ ಬೆಟ್ಟ. 1478 ಮೀಟರ್ ಅಂತೆ. ಅಲ್ಲೇ ಇರಲಿ ಅಂದುಕೊಂಡೆ. ಹೆಲ್ಮೆಟ್ ಸರಿಮಾಡಿಕೊಂಡು ಫೋಟೋಗೆ ನಿಂತೆ. "ಇದು ಫ್ರಾನ್ಸಿನಿಂದ ತಂದ ತಳಿ, ಎಲೆ ನೋಡಿದ್ರೇನೇ ಗೊತ್ತಾಗುತ್ತೆ" ಅಂತ ಅಕ್ಕನ ಮಗನಿಗೆ ಹೇಳುತ್ತಿದ್ದೆ. ತೋಟದ ಯಜಮಾನರು ಹಿಂದೆಯೇ ನಿಂತಿದ್ದರು.

"ಫ್ರಾನ್ಸೋ ಗೀನ್ಸೋ ಗೊತ್ತಿಲ್ಲ ಸ್ವಾಮಿ. ನಮ್ಮಪ್ಪ ಹಾಕಿದ್ದು. ಬೆಂಗ್ಳೂರ್ ಬ್ಲೂ. ಜ್ಯೂಸ್ ಅಂಗಡಿಗೆ ಹೋಗ್ತದೆ."

ವೈನಿಗೆ ಅಂತ ಬೆಳೆಯುವ ಶಿರಾಜ್, ಕ್ಯಾಬರ್ನೆ ಬಳ್ಳಿಗಳು ಚಪ್ಪರದ ಮೇಲಲ್ಲ, ಸಾಲಾಗಿ ಬೇಲಿಯ ಹಾಗೆ ತಂತಿಗೆ ಕಟ್ಟಿಕೊಂಡು ನಿಂತಿರುತ್ತವೆ. ಅದು ಮುಂದಿನ ದಿಣ್ಣೆಯ ಆಚೆ ಇದೆ ಅಂತ ಅವರೇ ಹೇಳಿದರು. ಹಾಗಂತ ಬೆಂಗಳೂರು ಬ್ಲೂ ಕಡಿಮೆಯದಲ್ಲ. 2013ರಲ್ಲಿ ಜಿಐ ಟ್ಯಾಗ್ ಸಿಕ್ಕ ಹಣ್ಣು, ಅಂದರೆ ಇದು ಈ ಭಾಗದ್ದೇ ಅಂತ ಸರ್ಕಾರ ಒಪ್ಪಿಕೊಂಡಿದೆ. ಯಜಮಾನರು ಒಂದು ಗೊಂಚಲು ಕೊಯ್ದು ಕೊಟ್ಟರು. ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ ಅಂತ ಬಾಯಿಗೆ ಹಾರುತ್ತದೆ, ದಪ್ಪ ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಚಿಕ್ಕಂದಿನಲ್ಲಿ ಪೇಪರ್ ಪೊಟ್ಟಣದಲ್ಲಿ ತಂದು, ತಿಂದು, ನಾಲಿಗೆ ಯಾರದು ಜಾಸ್ತಿ ನೀಲಿ ಅಂತ ಅಕ್ಕನ ಜೊತೆ ಜಗಳವಾಡುತ್ತಿದ್ದ ಅದೇ ಹಣ್ಣು. ಎರಡು ಕೆ.ಜಿ. ತಗೊಂಡು ಬೆನ್ನಿನ ಬ್ಯಾಗಿಗೆ ಹಾಕಿದೆ. ಸೈಕಲ್ಲಿಗೆ ಕ್ಯಾರಿಯರ್ ಇಲ್ಲವಲ್ಲ.

ವೈನರಿಯದು ಒಂದೇ ಮಾತಿನ ಕಥೆ. ಗೇಟಿನವರು "ಬುಕ್ ಮಾಡಿದ್ದೀರಾ?" ಅಂದರು. ನಾನು ಅಕ್ಕನ ಮಗನ ಮುಖ ನೋಡಿದೆ. ಅವನು ನಂದಿ ಬೆಟ್ಟದ ಕಡೆ ನೋಡಿದ.

ವಾಪಸ್ ಬರುವಾಗ ಬಿಸಿಲು ಏರಿತ್ತು. ಬೆನ್ನು ಒದ್ದೆಯಾಗುತ್ತಿತ್ತು. ಬೆವರು ಅಂದುಕೊಂಡೆ. ಯಲಹಂಕದಲ್ಲಿ ಸಿಗ್ನಲ್ ಕೆಂಪಾಯಿತು. ಬ್ರೇಕ್ ಹಿಡಿದೆ. ಈ ಸಲ ನೆನಪಿತ್ತು, ಎಡ ಹಿಮ್ಮಡಿಯನ್ನು ಸರಿಯಾಗಿ ಹೊರಗೆ ತಿರುಗಿಸಿದೆ, ಶೂ ಟಕ್ ಅಂತ ಬಿಡಿಸಿಕೊಂಡಿತು. ಎಂಥಾ ಖುಷಿ! ಅದೇ ಖುಷಿಯಲ್ಲಿ ಬಲಕ್ಕೆ ಬಿದ್ದೆ. ಬಿದ್ದವನು ಬೆನ್ನ ಮೇಲೆ ಉರುಳಿದೆ. ಕೆಳಗಿನಿಂದ ಪಚಕ್ ಅಂತ ಸದ್ದು ಬಂತು.

"ಅಯ್ಯೋ ರಕ್ತ!" ಅಂತ ಹೆಂಗಸೊಬ್ಬರು ಕೂಗಿದರು. ಬಿಳಿ ಟೀ ಶರ್ಟಿನಿಂದ ಕೆನ್ನೀಲಿ ಬಣ್ಣ ಡಾಂಬರಿನ ಮೇಲೆ ಹರಿಯುತ್ತಿತ್ತು. ನಿಮಿಷದಲ್ಲಿ ಹತ್ತು ಜನ ಸೇರಿದರು. ಒಬ್ಬರು ಅಲ್ಲಾಡಿಸಬೇಡಿ ಅಂದರು, ಇನ್ನೊಬ್ಬರು ನೀರು ಕೊಡಿ ಅಂದರು, ಮತ್ತೊಬ್ಬರು ಅಲ್ಲಾಡಿಸಿ ನೀರು ಕೊಟ್ಟರು. "ದ್ರಾಕ್ಷಿ, ದ್ರಾಕ್ಷಿ" ಅಂತ ನಾನು ಹೇಳುತ್ತಲೇ ಇದ್ದೆ. ಪಾಪ, ಹೆಂಡತಿ ಹೆಸರು ಕರೀತಿದ್ದಾನೆ ಅಂದರು ಯಾರೋ. ಕೊನೆಗೆ ಒಬ್ಬ ಆಟೋದವನು ಬಗ್ಗಿ ಮೂಸಿ ನೋಡಿ, "ಏಯ್, ಏನೂ ಆಗಿಲ್ಲ ನಡೀರಿ, ಜ್ಯೂಸು" ಅಂದ. ಜನರಿಗೆ ಬೇಜಾರಾಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಅವನ ಆಟೋದಲ್ಲೇ ಮನೆಗೆ ಬಂದೆ, ಸೀಟು ತೊಳೆಯಲು ಮೀಟರ್ ಮೇಲೆ ಐವತ್ತು ಕೊಟ್ಟು. ಅಕ್ಕನ ಮಗ ಹಿಂದೆ ಸೈಕಲ್ಲಿನಲ್ಲಿ ಬಂದ. ನನಗಿಂತ ಮೊದಲೇ ತಲುಪಿದ್ದ. ಬಾಗಿಲು ತೆಗೆದ ಹೆಂಡತಿಗೆ ನಾನು ವಿವರಿಸುವ ಮೊದಲೇ ಅವಳು, "ಮೊದ್ಲು ಆ ಬ್ಯಾಗನ್ನ ಬಾಲ್ಕನಿಗೆ ಹಾಕಿ" ಅಂದಳು. ಹಾಕಿದೆ. ಹಾಕಿ ಮರೆತೆ. ಎರಡು ದಿನ ಕಮೋಡಿನ ಮೇಲೆ ಕೂರುವುದೇ ನನಗೆ ಸಾಹಸವಾಗಿದ್ದಾಗ ಬ್ಯಾಗಿನ ನೆನಪು ಎಲ್ಲಿಂದ ಬರಬೇಕು?

ಬುಧವಾರ ಸಂಜೆ ಅವಳು ಬಟ್ಟೆ ತರಲು ಹೋದವಳು ಅಲ್ಲಿಂದಲೇ ಕೂಗಿದಳು. "ರೀ, ಬಾಲ್ಕನಿಯಲ್ಲಿ ಬಾರ್ ವಾಸನೆ ಬರ್ತಿದೆ!"

ದ್ರಾಕ್ಷಿ ಸಿಪ್ಪೆಯ ಮೇಲೆ ಯೀಸ್ಟ್ ತಾನಾಗಿಯೇ ಇರುತ್ತದೆ. ಹಣ್ಣು ಜಜ್ಜಿ, ಬೆಚ್ಚಗೆ ಮುಚ್ಚಿಟ್ಟರೆ ಅದು ಸಕ್ಕರೆ ತಿಂದು ಕೆಲಸ ಶುರು ಮಾಡುತ್ತದೆ. ಜಜ್ಜುವ ಕೆಲಸ ಯಲಹಂಕದಲ್ಲಿ ನನ್ನ ಬೆನ್ನು ಮಾಡಿತ್ತು. ಉಳಿದದ್ದು ಬಾಲ್ಕನಿಯ ಬಿಸಿಲು ನೋಡಿಕೊಂಡಿತ್ತು. ಜಿಪ್ ಎಳೆದರೆ ಒಳಗೆ ನೊರೆ, ಸಣ್ಣಗೆ ಗುಳುಗುಳು ಸದ್ದು. ಹೊರಗೆ ಹತ್ತಾರು ನೊಣಗಳು ಬುಕಿಂಗ್ ಇಲ್ಲದೆಯೇ ಬಂದಿದ್ದವು.

ಬ್ಯಾಗನ್ನು ಮೂರು ಸಲ ತೊಳೆದಾಯಿತು. ಕಲೆ ಹೋಗಲಿಲ್ಲ, ಸರ್ಕಾರವೇ ಒಪ್ಪಿಕೊಂಡ ಹಣ್ಣಿನ ಕಲೆ ಅದು. ವಾಸನೆಯೂ ಪೂರ್ತಿ ಹೋಗಿಲ್ಲ. ಆದರೂ ಲ್ಯಾಪ್‌ಟಾಪ್ ಅದರಲ್ಲೇ ಹಾಕಿಕೊಂಡು ಆಫೀಸಿಗೆ ಹೋಗುತ್ತೇನೆ. ಬೆಳಗಿನ ಒಂಬತ್ತರ ಮೆಟ್ರೋದಲ್ಲಿ ಪಕ್ಕದವರು ಒಮ್ಮೆ ಮೂಸುತ್ತಾರೆ, ವಾಚ್ ನೋಡಿಕೊಳ್ಳುತ್ತಾರೆ, ಆಮೇಲೆ ಸ್ವಲ್ಪ ಸರಿದು ನಿಲ್ಲುತ್ತಾರೆ. ಮೆಜೆಸ್ಟಿಕ್‌ವರೆಗೂ ಕೈಕಾಲು ಚಾಚಿಕೊಂಡು ನಿಲ್ಲಬಹುದು.