ರೊಕ್ಕ ಕೊಟ್ಟೇವಿ, ಪಾವತಿ ಚೀಟಿ ಎಲ್ಲೈತಿ?

ಒಂದ ದಾರಿ, ಮೂರು ಫ್ಯಾಕ್ಷನ್ (ಆಟಗಾರರ ಗುಂಪು), ಮೂರು ಸಲ ವಸೂಲಿ. ಇದನ್ನ ರೋಲ್‌ಪ್ಲೇ (ಪಾತ್ರ ಕಟ್ಟಿ ಆಡೂದು) ಅಂತ ಒಪ್ಪಾಕ ನಾ ತಯಾರಿಲ್ಲ. ಫ್ರೀಲ್ಯಾನ್ಸರ್ ಅನ್ನೋ ಕಂಪ್ಯೂಟರ್ ಆಟದಾಗ ಬಾಹ್ಯಾಕಾಶದ ಹಡಗಿನ್ಯಾಗ ಮಾಲು ಸಾಗಿಸಿ ನಾಕು ಕ್ರೆಡಿಟ್ (ಆಟದ ರೊಕ್ಕ) ಗಳಸೋ ಸಣ್ಣ ಆಟಗಾರರನ್ನ ಈ ಮಂದಿ ಸುಲೀಲಿಕ್ಕೆ ನಿಂತಾರ. ಯಾಕ್ರೀ ಅಂತ ಕೇಳಿದ್ರ "ಇದು ನಮ್ಮ ಸರಕಾರದ ಕಾನೂನು" ಅಂತಾರ. ಭಾಳ ದಿನ ತಡಕೊಂಡೇನಿ, ಇನ್ನ ಆಗೂದಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು 2003ರಾಗ ಬಂದ ಆಟ. ಡಿಜಿಟಲ್ ಆನ್ವಿಲ್‌ನವ್ರು ಮಾಡಿದ್ದು, ಮೈಕ್ರೋಸಾಫ್ಟ್ ಮಾರಾಟಕ್ಕ ತಂದಿದ್ದು. ಕಂಪನಿ ಅದರ ಕೈ ಬಿಟ್ಟು ಎಷ್ಟೋ ವರ್ಷ ಆತು, ಆದ್ರ ಆಡೋ ಮಂದಿ ಬಿಟ್ಟಿಲ್ಲ, ತಮ್ಮ ತಮ್ಮ ಸರ್ವರ್ ಹಾಕ್ಕೊಂಡು ಇವತ್ತಿಗೂ ನಡಸಾಕತ್ತಾರ. ಸಿರಿಯಸ್ ಅನ್ನೋ ನಕ್ಷತ್ರ ವಲಯ. ಅದ್ರಾಗ ಲಿಬರ್ಟಿ, ಬ್ರೆಟೋನಿಯಾ, ಕುಸಾರಿ, ರೈನ್‌ಲ್ಯಾಂಡ್ ಅಂತ ನಾಕು ರಾಜ್ಯ. ಗ್ರಹದಿಂದ ಗ್ರಹಕ್ಕ ರಿಂಗ್‌ಗಳ ಸಾಲು ಇರತೈತಿ, ಅದಕ್ಕ ಟ್ರೇಡ್ ಲೇನ್ ಅಂತಾರ, ಒಳಗ ಹೊಕ್ಕ್ರ ಹಡಗು ಜೋರಾಗಿ ಓಡತೈತಿ. ಒಂದು ಸಿಸ್ಟಮ್‌ದಿಂದ (ನಕ್ಷತ್ರ, ಅದರ ಗ್ರಹಗಳು) ಇನ್ನೊಂದಕ್ಕ ಹೋಗಾಕ ಜಂಪ್ ಗೇಟ್. ಒಂದು ಕಡೆ ಅಗ್ಗ ಸಿಕ್ಕಿದ್ದನ್ನ ತಗೊಂಡು ಇನ್ನೊಂದು ಕಡೆ ತುಟ್ಟಿಗೆ ಮಾರೂದು, ಅದ ನಮ್ಮ ಉದ್ಯೋಗ. ರೋಲ್‌ಪ್ಲೇ ಸರ್ವರ್‌ದಾಗ ನೌಕಾಪಡೆ, ಪೊಲೀಸ್, ಗಣಿ ಕಂಪನಿ, ಕಳ್ಳರು ಎಲ್ಲಾರೂ ಖರೇ ಮನಷ್ಯಾರ. ಒಬ್ಬೊಬ್ರಿಗೆ ಒಂದೊಂದು ಪಾತ್ರ, ಆ ಪಾತ್ರದ ಮಾತು ಬಿಟ್ಟು ಬ್ಯಾರೆ ಮಾತಾಡಂಗಿಲ್ಲ. ನಾ ಈ ಆಟ ಇಷ್ಟ ಪಟ್ಟಿದ್ದ ಅದ್ರ ಸಲುವಾಗಿ. ಗುಂಡು ಹಾರಿಸಾಕ ಬ್ಯಾರೆ ಆಟ ಸಾವಿರ ಅದಾವ.

ಈಗ ನಡೆಯೋದು ಕೇಳ್ರಿ. ಡಬ್ಲಿನ್ ಸಿಸ್ಟಮ್‌ದಾಗ ಚಿನ್ನ ತುಂಬ್ಕೊಂಡು ನ್ಯೂ ಲಂಡನ್ ಕಡೆ ಹೊಂಟಿರ್ತೀನಿ, ಎರಡೂ ಬ್ರೆಟೋನಿಯಾ ರಾಜ್ಯದ್ದ. ಹಡಗು ಲೇನ್ ಒಳಗ ಇರುವಾಗನ ಮುಂದಿನ ರಿಂಗ್‌ಗೆ ಗುಂಡು ಹೊಡದು ಲೇನ್ ಕೆಡಸ್ತಾರ, ಹಡಗು ಹೊರಗ ಬೀಳತೈತಿ. ಜೋರಾಗಿ ಓಡಾಕ ಇರೋ ಕ್ರೂಸ್ ಎಂಜಿನ್ ಚಾಲೂ ಮಾಡಿದ್ರ ಡಿಸ್ರಪ್ಟರ್ ಮಿಸೈಲ್ ಬಂದು ಬಡೀತೈತಿ, ಎಂಜಿನ್ ಬಂದ್. ಚಾಟ್‌ದಾಗ ಒಂದು ಸಾಲು: "ಲೈಸೆನ್ಸ್ ಇಲ್ಲದ ಸರಕು. 3 ಮಿಲಿಯನ್. 30 ಸೆಕೆಂಡ್." ಕಳ್ಳ ಹಿಂಗ ಮಾಡಿದ್ರ ನನಗ ಸಿಟ್ಟಿಲ್ಲ, ಅವನ ಪಾತ್ರನ ಕಳ್ಳತನ. ಡಬ್ಲಿನ್‌ದಾಗ ಮೊಲ್ಲಿ ಅನ್ನೋ ಕಳ್ಳರ ಗುಂಪಿನವ್ರು ಚಿನ್ನದ ಹಡಗಿಗೆ ಅಡ್ಡ ಬರೂದು ಮೂಲ ಆಟದ ಕಥಿಯೊಳಗನ ಐತಿ. ಅವ್ರ ಕೈಯಾಗ ಸಿಕ್ಕಾಗ ನಾನೂ ಪಾತ್ರದಾಗ ಬೈದು, ಬೇಡಿ, ಒಮ್ಮೊಮ್ಮೆ ತಪ್ಪಿಸ್ಕೊಂಡು ಖುಷಿಪಟ್ಟೇನಿ. ಆದ್ರ ಇಲ್ಲೆ ನಿಲ್ಲಿಸಿದವ ನೌಕಾಪಡೆಯ ಅಧಿಕಾರಿ. ತನ್ನ ರಾಜ್ಯದ ಲೇನ್‌ಗೆ ತಾನ ಗುಂಡು ಹೊಡದು, ತನ್ನ ರಾಜ್ಯಕ್ಕ ಚಿನ್ನ ತರೋ ಹಡಗನ್ನ ತಾನ ತಡದು ರೊಕ್ಕ ಕೇಳ್ತಾನ. /ಗಿವ್‌ಕ್ಯಾಶ್ ಅಂತ ಟೈಪ್ ಮಾಡಿ ಅವನ ಸ್ವಂತ ಪಾತ್ರದ ಖಾತೆಗೆ ಹಾಕಬೇಕು. ಸರಕಾರದ ಖಜಾನೆಗೆ ಅಲ್ಲ, ಅವನ ಖಾತೆಗೆ!

ಅದನ್ನ ಕೊಟ್ಟು ಮುಂದ ಹೋದ್ರ ಗೇಟ್ ಮುಂದ ಗಣಿ ಕಂಪನಿ ಫ್ಯಾಕ್ಷನ್‌ನವ್ರು "ಇದು ನಮ್ಮ ಹೊಲದ ಚಿನ್ನ" ಅಂತ ಇನ್ನೊಂದು 3 ಮಿಲಿಯನ್. ಗೇಟ್ ದಾಟಿದ್ರ ಪೊಲೀಸರು, ತಪಾಸಣಿ ಶುಲ್ಕ. 12 ಮಿಲಿಯನ್ ಲಾಭ ಬರೋ ಲೋಡಿಗೆ 9 ಮಿಲಿಯನ್ ದಾರಿಯೊಳಗ ಹೋತು. ಇಷ್ಟು ತಗೊಂಡವ್ರು ರಕ್ಷಣೆ ಕೊಡ್ತಾರೇನು ಅಂದ್ರ ಅದೂ ಇಲ್ಲ. ಶುಲ್ಕ ಕಟ್ಟಿದ ಮ್ಯಾಲ ಕಳ್ಳರು ಬೆನ್ನು ಹತ್ತಿದಾಗ ಸಿಸ್ಟಮ್ ಚಾಟ್‌ದಾಗ ಸಹಾಯ ಕೇಳೇನಿ, ಆನ್‌ಲೈನ್ ಇದ್ದ ಅಧಿಕಾರಿಗಳು ಒಬ್ಬರೂ ಬರಲಿಲ್ಲ. ಮಾತು ಸಹಿತ ಆಡಲಿಲ್ಲ.

ನನ್ನ ವಿಷಯ ಬಿಡ್ರಿ, ನಾ ಹಳಬ, ಹೆಂಗೋ ತುಂಬ್ಕೋತೀನಿ. ಗುಳೇದಗುಡ್ಡದಾಗ ನನ್ನ ಕಾಕಾನ ಮಗ ಅದಾನ. ಹಗಲೆಲ್ಲಾ ಮಗ್ಗದ ಕೆಲಸ, ರಾತ್ರಿ ಉಂಡ ಮ್ಯಾಲ ಒಂದು ತಾಸು ಆಟ. ಅವನಿಗೆ ಇದನ್ನ ಕಲಿಸಿದವ ನಾನ. ಸಣ್ಣ ಹಡಗಿನ್ಯಾಗ ನೀರು, ಆಕ್ಸಿಜನ್, ಊಟದ ಸಾಮಾನು ಹೊತ್ತು ಹೊತ್ತು ಪೈಸಾ ಪೈಸಾ ಕೂಡಿಸಿ ದೊಡ್ಡ ಹಡಗು ತಗೊಂಡಿದ್ದ. ಫ್ಯಾಕ್ಷನ್‌ನ ಒಬ್ಬ ಅಧಿಕಾರಿಗೆ ಒಂದು ವಾರದ ಲೈಸೆನ್ಸ್ ಅಂತ ರೊಕ್ಕಾನೂ ಕೊಟ್ಟಿದ್ದ. ಎರಡು ದಿನ ಬಿಟ್ಟು ಅದ ಫ್ಯಾಕ್ಷನ್‌ನ ಇನ್ನೊಬ್ಬ ತಡದ. ರಾತ್ರಿ ನನಗ ಫೋನ್ ಬಂತು.

"ಅಣ್ಣಾ, ಮೊನ್ನೆನ ಕೊಟ್ಟೇನಿ. ಇವ ನಿನ್ನ ಹೆಸರಿಲ್ಲ ಅಂತಾನ. ಏನ್ ಬರೀಲಿ?"

"ಸ್ಕ್ರೀನ್‌ಶಾಟ್ ಐತೇನೋ ತಮ್ಮಾ?"

"ಐತಣ್ಣಾ, ಆದ್ರ ಚಾಟ್‌ದಾಗ ಫೋಟೋ ಹೆಂಗ ತೋರಸ್ಲಿ?"

ಅವನ ಇಂಗ್ಲಿಷ್ ಟೈಪಿಂಗ್ ಸಾವಕಾಶ. ನಾ ಒಂದೊಂದ ಅಕ್ಷರ ಹೇಳಾಕತ್ತಿದ್ದೆ, ಅವ ಒತ್ತಾಕತ್ತಿದ್ದ. ಉತ್ತರ ಕಳಸೂದ್ರಾಗ ಆ ಅಧಿಕಾರಿ "ಮಾತಾಡಾಕ ನಿರಾಕರಿಸಿದ" ಅಂತ ಹೇಳಿ ಗುಂಡು ಹೊಡದಾ. ಹಡಗು ಒಡೀತು, ಮಾಲೂ ಹೋತು, ಮಾಲಿಗೆ ಹಾಕಿದ ಅವನ ಅಷ್ಟೂ ಗಳಿಕೆ ಹೋತು. ಆ ಹುಡುಗ ಅವತ್ತಿಂದ ಆಟ ತೆಗದಿಲ್ಲ. ನನಗ ಸಂಕಟ ಆಗೂದು ಇದ. ಹೊಸಬ್ರು ಬರಲಾರ್ದ ಇಷ್ಟು ಹಳೇ ಆಟ ಎಷ್ಟು ದಿನ ಉಳೀತೈತಿ?

ನಾ ಬಾಗಲಕೋಟಿಯ ಒಂದು ಅಡತ ಅಂಗಡಿಯೊಳಗ ಲೆಕ್ಕ ಬರಿಯಾಂವ. ದಿನಾ ಹಮಾಲಿ, ತೂಕ, ಮಾರುಕಟ್ಟಿ ಶುಲ್ಕ ಬರದ ನನ್ನ ಕೈ ಸವದಾವ. ಶುಲ್ಕ ಅಂದ್ರ ನನಗ ಸಿಟ್ಟಿಲ್ಲ, ಶುಲ್ಕ ಇಲ್ಲದ ವ್ಯಾಪಾರ ನಾ ಕಂಡೂ ಇಲ್ಲ. ಆದ್ರ ಗೋವಿನಜೋಳ ತಂದ ರೈತನಿಗೆ ಚೀಲ ಎಷ್ಟು, ತೂಕ ಎಷ್ಟು, ಹಿಡಿದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಅಂತ ಪಟ್ಟಿ ಬರದು ಕೊಡಬೇಕು. ದಲಾಲಿಯನ್ನ ಖರೀದಿದಾರನ ಕಡೆಯಿಂದ ತಗೋಬೇಕು, ರೈತನ ರೊಕ್ಕದಾಗ ಹಿಡಿಬಾರ್ದು ಅಂತ ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ ಐತಿ. ಅದನ್ನ ಮೀರಿದವ್ರ ಮ್ಯಾಲ ದೂರು ಕೊಡಾಕ ಕಚೇರಿ ಐತಿ. ಈ ಫ್ಯಾಕ್ಷನ್‌ನವ್ರ ಹತ್ರ ಪಟ್ಟಿ ಇಲ್ಲ, ದರ ಇಲ್ಲ, ಯಾರು ಕೊಟ್ಟಾರ ಅನ್ನೋ ದಾಖಲೆ ಇಲ್ಲ. ಇವತ್ತು 3 ಮಿಲಿಯನ್, ನಾಳೆ ಹಡಗು ದೊಡ್ಡದು ಕಂಡ್ರ 5. ಮತ್ತ ಅವ್ರದ ಮಂದಿ ಬ್ಯಾರೆ ಹೆಸರಿಲೆ ಇಟ್ಟ ಮಾಲಿನ ಹಡಗು ಅದ ದಾರೀಲೆ ಹೋದ್ರ ಯಾರೂ ತಡಿಯೂದಿಲ್ಲ. ಇದನ್ನ ಕಣ್ಣಾರೆ ನೋಡೇನಿ.

ಬ್ಯಾರೆ ಆಟದಾಗೂ ಆಟಗಾರರು ಶುಲ್ಕ ತಗೋತಾರ. ಐಸ್‌ಲ್ಯಾಂಡ್‌ನ ಸಿಸಿಪಿಯವ್ರ ಈವ್ ಆನ್‌ಲೈನ್ ನೋಡ್ರಿ. ಅದೂ 2003ರದ್ದ. 2016ರ ಸಿಟಾಡೆಲ್ ವಿಸ್ತರಣೆ ಬಂದ ಮ್ಯಾಲ ಆಟಗಾರರು ತಾವು ಕಟ್ಟಿದ ನಿಲ್ದಾಣದಾಗ ಮಾರುಕಟ್ಟಿ ಇಟ್ಟು ಬ್ರೋಕರ್ ಶುಲ್ಕ ತಾವ ನಿಗದಿ ಮಾಡಬಹುದು. ಆದ್ರ ಆರ್ಡರ್ ಹಾಕೂಕಿಂತ ಮೊದಲ ಅದು ಪರದೆ ಮ್ಯಾಲ ಕಾಣತೈತಿ. ತುಟ್ಟಿ ಅನಿಸಿದ್ರ ಜಿಟಾದ ದೊಡ್ಡ ಮಾರುಕಟ್ಟಿಗೆ ಹೋಗಿ ಮಾರ್ರಿ, ಅಲ್ಲೇ ಮಾರಬೇಕಂತ ಬಲವಂತ ಇಲ್ಲ. ಅದ ಆಟದಾಗ ಕೋಡ್ ಅನ್ನೋ ಗುಂಪು ಗಣಿ ಕೆಲಸದವ್ರಿಗೆ ಪರ್ಮಿಟ್ ಇಲ್ಲಾಂದ್ರ ಹಡಗು ಒಡೀತೀವಿ ಅಂತ ಕಾಡ್ತಿತ್ತು. ನನಗ ಅವ್ರು ಸೇರೂದಿಲ್ಲ. ಆದ್ರ ಅವ್ರೂ ವರ್ಷಕ್ಕ 10 ಮಿಲಿಯನ್ ಐಎಸ್‌ಕೆ (ಆ ಆಟದ ರೊಕ್ಕ) ಅಂತ ಒಂದ ದರ ಇಟ್ಟಿದ್ರು. ನಮ್ಮ ಸರ್ವರ್‌ನ ನೌಕಾಪಡೆಗೆ ಅಷ್ಟೂ ಮಾಡಾಕ ಆಗೂದಿಲ್ಲ.

ನಮ್ಮ ಸರ್ವರ್ ನಡಸೋ ಅಡ್ಮಿನ್‌ಗೆ ಬರದೆ. "ಇದು ಪಾತ್ರಗಳ ನಡುವಿನ ವಿಷಯ, ಪಾತ್ರದೊಳಗನ ಬಗೆಹರಿಸ್ಕೋರಿ" ಅಂತ ಉತ್ತರ. ಹೆಂಗ ಬಗೆಹರಿಸ್ಕೋಬೇಕ್ರೀ? ಮಾಲಿನ ಹಡಗಿಗೆ ಬಂದೂಕು ಇದ್ದೂ ಇಲ್ಲದಂಗ. ಸತ್ತ ಮ್ಯಾಲ ಆ ಸಿಸ್ಟಮ್‌ಗೆ ಸ್ವಲ್ಪ ಹೊತ್ತು ಹೊಳ್ಳಿ ಬರಂಗಿಲ್ಲ ಅಂತ ನಿಯಮ, ಅದು ನಮ್ಮನ್ನಷ್ಟ ಕಟ್ಟತೈತಿ, ಹೊಡದವನನ್ನಲ್ಲ. ಪಾತ್ರದಾಗ ಕೋರ್ಟಿಗೆ ಹೋಗೂಣು ಅಂದ್ರ ಆ ರಾಜ್ಯದ ನ್ಯಾಯಾಧೀಶನ ಪಾತ್ರಾನೂ ಅದ ಫ್ಯಾಕ್ಷನ್‌ನವ್ರ ಕೈಯಾಗ ಐತಿ. ರೋಲ್‌ಪ್ಲೇ ಅಂದ್ರ ಎರಡೂ ಕಡೆಯವ್ರಿಗೆ ಆಡಾಕ ಏನರ ಇರಬೇಕು. ಒಬ್ಬ ರೊಕ್ಕ ಎಣಿಸೂದು, ಇನ್ನೊಬ್ಬ ಬಾಯಿ ಮುಚ್ಚಿ ಕೊಡೂದು, ಇಷ್ಟ ಆದ್ರ ಅದ್ರಾಗ ಆಟ ಎಲ್ಲಿ ಬಂತು?

ಶುಲ್ಕ ತಗೋರಿ, ಬ್ಯಾಡ ಅನ್ನೂದಿಲ್ಲ. ದರ ಬರದು ಎಲ್ಲಾರಿಗೂ ಕಾಣೂವಂಗ ಹಾಕ್ರಿ. ಒಂದು ದಾರಿಗೆ ಒಂದ ಸಲ ತಗೋರಿ, ಹಂಚ್ಕೊಳ್ಳೂದು ನೀವು ನೀವು ನೋಡ್ಕೋರಿ. ಕೊಟ್ಟವ್ರ ಹೆಸರು ನಿಮ್ಮ ಅಧಿಕಾರಿಗಳೆಲ್ಲಾರಿಗೂ ಗೊತ್ತಿರ್ಲಿ. ಇಂಗ್ಲಿಷ್ ಬರಲಾರ್ದ ಹುಡುಗರಿಗೆ ಉತ್ತರ ಕೊಡಾಕ ಎರಡು ನಿಮಿಷ ಬಿಡ್ರಿ. ರೊಕ್ಕ ತಗೊಂಡ ಮ್ಯಾಲ ಕರದಾಗ ಬರ್ರಿ.

ನನ್ನ ಕಾಕಾನ ಮಗ ರೊಕ್ಕ ಕೊಟ್ಟ ಸ್ಕ್ರೀನ್‌ಶಾಟ್, ದಿನಾಂಕ, ತಗೊಂಡವನ ಪಾತ್ರದ ಹೆಸರು ಎಲ್ಲಾ ನಿನ್ನೆ ಮತ್ತ ಅಡ್ಮಿನ್‌ಗೆ ಕಳಿಸೇನಿ. ಆ ಲೋಡಿನ ಕಿಮ್ಮತ್ತು ಆ ಹುಡುಗನ ಖಾತೆಗೆ ಪೂರಾ ಬರಬೇಕು. ಬರೂ ತನಕ ನ್ಯೂ ಲಂಡನ್‌ದಾಗ ನಾ ಒಂದು ಪೆಟ್ಟಿಗಿ ಮಾಲೂ ಇಳಸೂದಿಲ್ಲ, ನನ್ನ ಜೋಡಿ ಮಾಲು ಸಾಗಿಸೋ ಹುಡುಗ್ರೂ ಇಳಸೂದಿಲ್ಲ ಅಂತ ಒಪ್ಪ್ಯಾರ.