ಕಡಿಮೆ ದರ ಎಂದಮಾತ್ರಕ್ಕೆ ಗುತ್ತಿಗೆ ಸಿಗಲ್ಲ

ಅತಿ ಕಡಿಮೆ ದರ ಹಾಕಿದವರಿಗೆ ಕೆಲಸ ಕೊಡದಿದ್ದರೆ ಅಕ್ರಮವೇ ನಡೆದಿದೆ ಎಂದು ಟೆಂಡರ್‌ಗಳ ಬಗ್ಗೆ ಬಂದ ಲೇಖನವೊಂದು ತೀರ್ಮಾನಿಸಿಬಿಟ್ಟಿದೆ. ಹಾಗಲ್ಲ ಸ್ವಾಮಿ. ಷರತ್ತುಗಳನ್ನು ಪೂರೈಸಿದವರ ನಡುವೆ ಮಾತ್ರ ದರದ ಹೋಲಿಕೆ. ಟೆಂಡರ್ ಜೊತೆ ಠೇವಣಿಯಾಗಿ ಕೊಡುವ ಬ್ಯಾಂಕ್ ಗ್ಯಾರಂಟಿಯ (ಬ್ಯಾಂಕಿನ ಖಾತರಿ ಪತ್ರದ) ಅವಧಿ ಕೆಲವೇ ದಿನ ಕಡಿಮೆ ಬಿದ್ದರೂ ಬಿಡ್ ತಿರಸ್ಕಾರವಾಗಬಹುದು.

ನಿಜವಾದ ಜಗಳ ಇರುವುದು ದರಪಟ್ಟಿಯಲ್ಲಿ. 1,000 ಘನ ಮೀಟರ್ ಮಣ್ಣು ಅಗೆಯಲು ಘನ ಮೀಟರಿಗೆ ದರ 250 ಎಂದು ಬರೆದು, ಮೊತ್ತದ ಕಾಲಂನಲ್ಲಿ 25,000 ಹಾಕಿದ್ದಾರೆ ಎನ್ನಿ. ವಿಶ್ವಬ್ಯಾಂಕಿನ ಮಾದರಿ ಟೆಂಡರ್ ದಾಖಲೆಯ ಪ್ರಕಾರ ಬಿಡಿ ದರವೇ ಗಟ್ಟಿ. ಮೊತ್ತ 2,50,000 ಆಗಿ, ಅತಿ ಕಡಿಮೆ ದರದವರೆಂದು ಮೊದಲಿದ್ದವರು ಹಿಂದೆ ಬೀಳಬಹುದು. ಆದರೆ ದರದಲ್ಲಿ ದಶಮಾಂಶ ಬಿಂದು ತಪ್ಪಿರುವುದು ಸ್ಪಷ್ಟವಿದ್ದರೆ ಮೊತ್ತವೇ ಉಳಿದು, ದರ 25ಕ್ಕೆ ಇಳಿಯುತ್ತದೆ. ‘ಸ್ಪಷ್ಟ’ ಎಂದು ಹೇಳುವವರು ಯಾರು? ಮೌಲ್ಯಮಾಪನ ಸಮಿತಿ. ಕಾರಣ ಬರೆದಿಡದಿದ್ದರೆ ಕೋರ್ಟಿನಲ್ಲಿ ಸಿಕ್ಕಿಬೀಳುವುದೂ ಅದೇ.

ದರ ತೀರಾ ಕಡಿಮೆ ಎನಿಸಿದರೆ ಸೀದಾ ತಳ್ಳಿಹಾಕುವುದೂ ತಪ್ಪು. ಐರೋಪ್ಯ ಒಕ್ಕೂಟದ 2014ರ ನಿರ್ದೇಶನದಂತೆ ಮೊದಲು ವಿವರಣೆ ಕೇಳಲೇಬೇಕು. ಅಲ್ಲಿ ಫಲಿತಾಂಶವನ್ನು ಇಮೇಲಿನಲ್ಲಿ ತಿಳಿಸಿದ ಮೇಲೆ ಸಾಮಾನ್ಯವಾಗಿ ಕನಿಷ್ಠ 10 ದಿನ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಸೋತವರು ತಕರಾರು ತೆಗೆಯಬೇಕಾದದ್ದು ಆಗಲೇ. ಸಹಿ ಬಿದ್ದ ಮೇಲೆ ಹೆಚ್ಚೆಂದರೆ ಪರಿಹಾರ ಸಿಕ್ಕೀತು, ಕೆಲಸ ಸಿಗುವುದು ಅಪರೂಪ.