ಮೊದಲ ಡ್ರಿಪ್‌ಗೂ ಮುಂಚೆ ಕೇಳಬೇಕಾದ ಮಾತು

ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಆದ ಹಾಡ್ಜ್‌ಕಿನ್ ಲಿಂಫೋಮಾ ಎಂದು ಗೊತ್ತಾದಾಗ ನನಗೆ 29 ವರ್ಷ. ಇಂಗ್ಲೆಂಡಿಗೆ ಬಂದು ಐದು ವರ್ಷಗಳಾಗಿದ್ದವು. ಕೀಮೋಥೆರಪಿ ಆರಂಭವಾಗಲು ಒಂದು ವಾರವಿದ್ದಾಗ ನರ್ಸ್ ಒಬ್ಬರು ನನ್ನೊಬ್ಬನನ್ನೇ ಕೂರಿಸಿಕೊಂಡು, ಕೂದಲು ಉದುರುವ ವಿಷಯ ಹೇಳುವುದಕ್ಕೂ ಮೊದಲು, “ಮುಂದೆ ಮಕ್ಕಳು ಬೇಕೆನಿಸಬಹುದೇ? ಈಗಲೇ ತೀರ್ಮಾನಿಸಬೇಕಿಲ್ಲ, ವೀರ್ಯವನ್ನು ಮಾತ್ರ ಕೊಟ್ಟಿಟ್ಟಿರಿ” ಎಂದರು. ಜೀವ ಉಳಿಯುವುದೇ ಅನುಮಾನವಿರುವಾಗ ಇದೆಂಥ ಮಾತು ಎಂದು ನನಗೆ ಸಿಟ್ಟು ಬಂದಿತ್ತು. ಎರಡು ದಿನ ಬಿಟ್ಟು ಹೋಗಿ ಕೊಟ್ಟು ಬಂದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದು ಇವತ್ತಿಗೂ ಇದೆ.

ಎರಡು ವರ್ಷಗಳ ನಂತರ ಕರ್ನಾಟಕದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಮೂಳೆಯ ಕ್ಯಾನ್ಸರ್ ಬಂತು. 22ರ ಹುಡುಗ. ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಅವನು ಗುಣವಾದ. ಆದರೆ ವೈದ್ಯರ ಮಾತೆಲ್ಲ ಚಿಕ್ಕಪ್ಪನೊಡನೆ ನಡೆಯಿತು, ಹುಡುಗ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅವನಿಗೆ ಕೊಟ್ಟ ಔಷಧಿಗಳಲ್ಲಿ ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್ ಎರಡೂ ಇದ್ದವು. ಮುಂದೆ ಮದುವೆಯಾಯಿತು. ಒಂದೂವರೆ ವರ್ಷ ಹೆಂಡತಿಗೇ ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು. ಆಮೇಲೆ ಅವನ ವೀರ್ಯವನ್ನು ನೋಡಿದರು. ವೀರ್ಯಾಣು ಒಂದೂ ಇರಲಿಲ್ಲ.

ಕೀಮೋ ಔಷಧಿ ಬೇಗಬೇಗ ಒಡೆದು ಹೆಚ್ಚುವ ಕೋಶಗಳ ಮೇಲೆ ಬೀಳುತ್ತದೆ. ವೃಷಣದಲ್ಲಿ ವೀರ್ಯಾಣುವಿಗೆ ಮೂಲವಾದ ಕೋಶಗಳೂ ಬಿಡುವಿಲ್ಲದೆ ಒಡೆಯುವಂಥವೇ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು 74 ದಿನ ಬೇಕು. ಹಾಗಾಗಿ ಚಿಕಿತ್ಸೆ ಆರಂಭವಾದ ಎರಡು ಮೂರು ತಿಂಗಳಲ್ಲಿ ಸಂಖ್ಯೆ ಕುಸಿಯುತ್ತದೆ. ಇವನ್ನೆಲ್ಲ ಹುಟ್ಟಿಸುವ ತಳದ ಕಾಂಡಕೋಶಗಳು ಬದುಕಿದ್ದರೆ ಒಂದೆರಡು ವರ್ಷಕ್ಕೋ, ಇನ್ನೂ ತಡವಾಗಿಯೋ ಉತ್ಪತ್ತಿ ಮರಳುತ್ತದೆ. ಅವೇ ಸತ್ತರೆ ಮರಳುವುದಿಲ್ಲ. ಯಾವುದಾಗುತ್ತದೆ ಎಂಬುದು ಬಹುಮಟ್ಟಿಗೆ ಔಷಧಿಯನ್ನೂ ಅದರ ಒಟ್ಟು ಪ್ರಮಾಣವನ್ನೂ ಅವಲಂಬಿಸಿದೆ. ನನಗೆ ಬಂದ ಕಾಯಿಲೆಗೇ 1960ರ ದಶಕದಲ್ಲಿ ಬಂದ ‘ಮಾಪ್’ ಎಂಬ ಔಷಧಿಕೂಟದಿಂದ ಹೆಚ್ಚಿನ ಗಂಡಸರು ಶಾಶ್ವತವಾಗಿ ವೀರ್ಯಾಣು ಕಳೆದುಕೊಂಡರು. ಅದರಲ್ಲಿದ್ದ ಪ್ರೊಕಾರ್ಬಜೀನ್‌ನಂಥ ಆಲ್ಕೈಲೇಟಿಂಗ್ ಔಷಧಿಗಳು, ಅಂದರೆ ಕೋಶದ ಡಿಎನ್‌ಎಯನ್ನೇ ಕೆಡಿಸುವಂಥವು, ಅಷ್ಟು ಕಠಿಣ. 1970ರ ದಶಕದಲ್ಲಿ ಬಂದ ‘ಎಬಿವಿಡಿ’ ಎಂಬ ಕೂಟ ಪಡೆದವರಲ್ಲಿ ಹೆಚ್ಚಿನವರಿಗೆ ವೀರ್ಯಾಣು ಮತ್ತೆ ಬರುತ್ತದೆ. ನನಗೆ ಕೊಟ್ಟದ್ದು ಅದನ್ನೇ. ಕಾಯಿಲೆ ನನ್ನ ತಮ್ಮನಿಗೆ ಆ ಆಯ್ಕೆ ಕೊಡಲಿಲ್ಲ, ಅವನ ಆ ಎರಡು ಔಷಧಿಗಳೂ ಆಲ್ಕೈಲೇಟಿಂಗ್ ಗುಂಪಿನವೇ.

ಇಷ್ಟಾದರೂ ಗಂಡಸಿಗೆ ಸುಳಿವೇ ಸಿಗುವುದಿಲ್ಲ. ಟೆಸ್ಟೋಸ್ಟೆರಾನ್ ತಯಾರಿಸುವ ಲೇಡಿಗ್ ಕೋಶಗಳು ಗಟ್ಟಿ, ಅವು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಗಡ್ಡ, ದನಿ, ಬಯಕೆ ಎಲ್ಲವೂ ಮೊದಲಿನಂತೆಯೇ ಇರುತ್ತವೆ. ನಾವು ಗಂಡಸುತನ ಎನ್ನುವುದೂ ಮಕ್ಕಳಾಗುವ ಶಕ್ತಿಯೂ ಬೇರೆಬೇರೆ. ಕನ್ನಡದಲ್ಲಿ ‘ಬಂಜೆ’ ಎಂದರೆ ಹೆಣ್ಣೇ. ಗಂಡಿಗೆ ಹೇಳಹೊರಟರೆ ಬಾಯಿಗೆ ಬರುವುದು ‘ಷಂಡ’ ಎಂಬ ಬೈಗುಳ. ನೋಯಿಸದೆ ಕೇಳಲು ಪದವಿಲ್ಲದಿರುವುದರಿಂದಲೇ ನಮ್ಮವರು ಕೇಳದೆ ಬಿಡುತ್ತಾರೆ ಎಂದು ನನಗೆ ಅನಿಸುತ್ತದೆ.

ಇಂಗ್ಲೆಂಡಿನ ಜನ ನಮಗಿಂತ ಅಂತಃಕರಣವುಳ್ಳವರೆಂದು ನಾನು ಹೇಳುತ್ತಿಲ್ಲ. ಕೀಮೋಗೆ ನಾನು ಒಬ್ಬನೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತಮ್ಮನ ಹಾಸಿಗೆಯ ಪಕ್ಕ ಒಂದು ರಾತ್ರಿಯೂ ಖಾಲಿ ಇರಲಿಲ್ಲ. ಆದರೆ ಅಲ್ಲಿ ಈ ಪ್ರಶ್ನೆ ನರ್ಸ್‌ನ ಧೈರ್ಯಕ್ಕೆ ಬಿಟ್ಟದ್ದಲ್ಲ, ಅವರ ಪಟ್ಟಿಯಲ್ಲೇ ಇತ್ತು. ಮದುವೆಯಾದವರಿಗೂ ಆಗದವರಿಗೂ ಒಂದೇ ಪ್ರಶ್ನೆ. ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ಹೊಸದಾಗಿಸಿಕೊಂಡು ಒಟ್ಟು 55 ವರ್ಷಗಳ ಕಾಲ ವೀರ್ಯ ಇರಿಸಬಹುದೆಂದು 2022ರಿಂದ ಅಲ್ಲಿನ ಕಾನೂನು ಹೇಳುತ್ತದೆ. ನಮ್ಮ ಆಸ್ಪತ್ರೆಗಳು ಕೀಮೋ ಒಪ್ಪಿಗೆಪತ್ರದಲ್ಲಿ ಒಂದು ಸಾಲು ಸೇರಿಸಲಿ, ಅದನ್ನು ರೋಗಿಯ ಎದುರೇ, ಮನೆಯವರನ್ನು ಹೊರಗೆ ಕೂರಿಸಿ ಓದಲಿ.

ವೀರ್ಯ ಕೊಟ್ಟಿಡಲು ಹೋದರೆ ಚಿಕಿತ್ಸೆ ತಡವಾಗುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ, ಸಾಮಾನ್ಯವಾಗಿ ಎರಡು ಮೂರು ದಿನ ಸಾಕು. ಕಾಯಿಲೆಯೇ ಕೆಲವೊಮ್ಮೆ ವೀರ್ಯಾಣುವನ್ನು ಕುಗ್ಗಿಸಿರುತ್ತದೆ, ಆದರೂ ಇಡುವುದು ವ್ಯರ್ಥವಲ್ಲ. ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೇ ಸೇರಿಸುವ, 1992ರಲ್ಲಿ ಬಂದ ಇಕ್ಸಿ ವಿಧಾನದಲ್ಲಿ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಮೊದಲ ಡೋಸ್ ಮೈಗೆ ಹೋಗುವ ಮುಂಚೆಯೇ ಇದಾಗಬೇಕು. ಆಮೇಲಿನ ವೀರ್ಯಾಣುಗಳ ಡಿಎನ್‌ಎ ಕೆಟ್ಟಿರಬಹುದು, ಚಿಕಿತ್ಸೆಯ ಕಾಲದಲ್ಲೂ ನಂತರದ ಕೆಲವು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಲು ಹೇಳುವುದು ಅದಕ್ಕೇ.

ತಮ್ಮನಿಗೆ ಈಗ ಶಸ್ತ್ರಚಿಕಿತ್ಸೆ ಮಾಡಿ, ಸೂಕ್ಷ್ಮದರ್ಶಕದ ನೆರವಿನಿಂದ ವೃಷಣದೊಳಗೇ ವೀರ್ಯಾಣು ಹುಡುಕುವವರಿದ್ದಾರೆ. ಕೆಲವರಲ್ಲಿ ಸಿಗುತ್ತದೆ. ಕಳೆದ ವಾರ ಫೋನಿನಲ್ಲಿ, “ಅಣ್ಣಾ, ನಿನಗೆ ಗೊತ್ತಿತ್ತಲ್ಲವೇ?” ಎಂದು ಕೇಳಿದ. ಗೊತ್ತಿತ್ತು. ಅವನ ಚಿಕಿತ್ಸೆ ಆರಂಭವಾಗುವ ಹಿಂದಿನ ರಾತ್ರಿ ನಾನೇ ಕರೆ ಮಾಡಿದ್ದೆ. ಚಿಕ್ಕಪ್ಪ ಸ್ಪೀಕರ್ ಹಾಕಿದ್ದರು, ಚಿಕ್ಕಮ್ಮ ಪಕ್ಕದಲ್ಲಿದ್ದರು. ಧೈರ್ಯವಾಗಿರು ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದೆ.